ಮೂರು ಬೆರಳಿನ ಬಲೆ

೧೯೩೯ರಲ್ಲಿ ನಾನು ಶಾಲೆ ಬಿಟ್ಟೆ. ಆಗ ಐದನೆಯ ಇಯತ್ತೆ. ಇನ್ನೆರಡು ವರ್ಷ ಕುಳಿತಿದ್ದರೆ ಮುಲ್ಕಿ ಪರೀಕ್ಷೆಗೆ ಹೋಗಬಹುದಿತ್ತು. ಮುಲ್ಕಿ ಪಾಸಾದವನಿಗೆ ಆ ಕಾಲದಲ್ಲಿ ಮಾಸ್ತರಿಕೆ ಸಿಗುತ್ತಿತ್ತು. ಆದರೆ ಆ ವರ್ಷ ನಮ್ಮ ಚಿಗಪ್ಪ ತೀರಿಕೊಂಡ. ಎಳೆಯುವ ಬಲೆಗೆ ಎರಡು ತುದಿ. ಒಂದನ್ನು ಅಪ್ಪ ಹಿಡಿದರೆ ಇನ್ನೊಂದನ್ನು ಹಿಡಿಯಲು ಮನೆಯಲ್ಲಿ ನಾನೊಬ್ಬನೇ ಉಳಿದಿದ್ದೆ.

ಮಾಸ್ತರರು ಮನೆಯ ತನಕ ಬಂದರು. ಅಪ್ಪ ಕಂಬಳಿ ಹಾಸಿ ಕೂಡಿಸಿದ. ಮೀನು ತಿನ್ನುವವರ ಮನೆಯ ನೀರು ಕುಡಿಯುತ್ತಾರೋ ಇಲ್ಲವೋ ಎಂದು ಹಿಂದೆಮುಂದೆ ನೋಡಿ, ಕೊನೆಗೆ ಬೆಲ್ಲದ ತುಣುಕು ಮಾತ್ರ ಮುಂದಿಟ್ಟ. ಮಾಸ್ತರರು ಬೆಲ್ಲ ಬಾಯಿಗೆ ಹಾಕಿಕೊಂಡು, "ಹುಡುಗ ಲೆಕ್ಕದಾಗ ಛಲೋ ಅದಾನ, ಬಿಡಿಸಬ್ಯಾಡ್ರಿ," ಅಂದರು.

"ಲೆಕ್ಕ ನಮ್ಮ ಕೆರಿಯಾಗೂ ಐತ್ರಿ ಮಾಸ್ತರ," ಅಂದ ಅಪ್ಪ.

ನನಗೆ ಅಳು ಬರಲಿಲ್ಲ. ಬಂದಿದ್ದರೆ ಬರೆಯುತ್ತಿದ್ದೆ. ಮರುದಿನ ಎದೆಮಟ್ಟದ ನೀರಿನಲ್ಲಿ ನಿಂತು ಬಲೆಯ ತುದಿ ಹಿಡಿದೆ. ಅಂಗೈ ಸೀಳಿತು. ಕೊಬ್ಬರಿ ಎಣ್ಣೆ ಸವರಿಕೊಂಡು ಅದರ ಮರುದಿನವೂ ಹಿಡಿದೆ.

ನಮ್ಮ ಊರು ತಿಕೋಟಾದಿಂದ ಬಬಲೇಶ್ವರದ ಕಡೆ ಹೋಗುವ ಗಾಡಿದಾರಿಯ ಮೇಲಿದೆ. ಊರಿಗೆ ಒಂದು ಕೆರೆ, ಕೆರೆಯ ಏರಿಯ ಕೆಳಗೆ ನಮ್ಮ ಓಣಿ. ಆಗ ಅಲ್ಲಿ ಹನ್ನೊಂದು ಮನೆ, ಎಲ್ಲವೂ ಬಲೆಯನ್ನೇ ನಂಬಿದ ಮನೆ. ಕೆರೆ ಊರಿನದು, ಮೀನು ಓಣಿಯದು. ಪ್ರತಿ ಬೇಸಿಗೆ ನಮ್ಮವರು ನೀರಿಗೆ ಮುಳುಗಿ ಕೆರೆಯ ತೂಬಿನಲ್ಲಿ ಕಟ್ಟಿಕೊಂಡ ಕೆಸರು, ಬೇರು, ಸತ್ತ ಎಮ್ಮೆಯ ಎಲುಬು ಏನಿದ್ದರೂ ತೆಗೆದುಹಾಕಬೇಕು. ಕೆಳಗಿನ ಹೊಲಗಳಿಗೆ ನೀರು ಹರಿಯಬೇಕು. ಅದಕ್ಕೆ ಪ್ರತಿಯಾಗಿ ಮೀನು ನಮ್ಮದು. ಇದು ಎಲ್ಲಿಯೂ ಬರೆದಿಟ್ಟ ಕರಾರಲ್ಲ. ಅಜ್ಜನ ಕಾಲದಿಂದ ಬಾಯಿಮಾತಿನಲ್ಲಿ ನಡೆದುಕೊಂಡು ಬಂದದ್ದು.

ಎಳ್ಳಮಾಸಿಯ, ಅಂದರೆ ಎಳ್ಳ ಅಮಾವಾಸ್ಯೆಯ ತನಕ ಯಾರೂ ಕೆರೆಗೆ ಬಲೆ ಇಳಿಸುವಂತಿರಲಿಲ್ಲ. ಒಕ್ಕಲಿಗರು ಹೊಲಕ್ಕೆ ಹೋಗಿ ಬೆಳೆಗೆ ಚರಗದ ಎಡೆ ಚೆಲ್ಲಿ, ಎಳ್ಳು ಹಚ್ಚಿದ ಸಜ್ಜೆರೊಟ್ಟಿ ತಿಂದು ಬಂದ ಮರುದಿನ ನಮ್ಮ ಕೆರೆ ತೆರೆಯುತ್ತಿತ್ತು. ತೆರೆಯುವುದೆಂದರೆ ಏನು? ಹನ್ನೊಂದು ಮನೆಯವರೂ ಒಂದೇ ಸಲಕ್ಕೆ ಏರಿಯ ಮೇಲಿಂದ ಓಡುವುದು. ಯಾರ ಬಲೆ ಮೊದಲು ಬಿತ್ತೋ ಅವರಿಗೆ ಒಳ್ಳೆಯ ಜಾಗ. ಈ ಓಟದಲ್ಲಿ ಯಾವಾಗಲೂ ಗೆಲ್ಲುತ್ತಿದ್ದವನು ನನ್ನ ಸೋದರಮಾವ. ಆಳು ಎಂದರೆ ಬಾಗಿಲಿಗೆ ಅಡ್ಡ ನಿಂತರೆ ಮನೆಯೊಳಗೆ ಕತ್ತಲಾಗುವಂಥ ಆಳು. ಇಬ್ಬರು ಎಳೆಯುವ ಬಲೆಯನ್ನು ಒಬ್ಬನೇ ಎಳೆದು, ಹಲ್ಲಿನಲ್ಲಿ ಹಗ್ಗ ಕಚ್ಚಿ ಹಿಡಿದು ನಗುತ್ತಿದ್ದ.

ಹಾಗೆ ಎಲ್ಲರೂ ಒಮ್ಮೆಲೇ ಹಿಡಿದ ಮೀನನ್ನು ಎಲ್ಲರೂ ಒಮ್ಮೆಲೇ ವಿಜಾಪುರಕ್ಕೆ ಒಯ್ಯಬೇಕು. ಯುದ್ಧದ ಕಾಲ ಅದು. ಅಥಣಿ ರಸ್ತೆಯ ಬಸ್ಸಿಗೆ ಪೆಟ್ರೋಲು ಇಲ್ಲದೆ ಹಿಂದುಗಡೆ ಇದ್ದಿಲಿನ ಒಲೆ ಕಟ್ಟಿದ್ದರು. ತೊರವಿಯ ಹತ್ತಿರ ಬರುವಷ್ಟರಲ್ಲಿ ಅದು ಕೆಮ್ಮಿ ನಿಲ್ಲುತ್ತಿತ್ತು, ಇಳಿದು ನೂಕಬೇಕು. ಮಾಡಿನ ಮೇಲಿನ ಬುಟ್ಟಿಗಳಿಂದ ನೀರು ಸೋರಿ ಕಿಟಕಿಯ ಪಕ್ಕ ಕುಳಿತವರ ತಲೆಯ ಪಟಗದ ಮೇಲೆ ಬೀಳುತ್ತಿತ್ತು, ಅವರ ಬೈಗಳ ನಮ್ಮ ಮೇಲೆ. ಪೇಟೆಗೆ ಮುಟ್ಟಿದರೆ ಅಲ್ಲಿ ನಮ್ಮ ಓಣಿಯದೇ ಹತ್ತು ಬುಟ್ಟಿ ಮುಂದೆ ಕೂತಿರುತ್ತಿದ್ದವು. ಕೊಳ್ಳುವವರು ಕೇಳಿದ್ದೇ ದರ. ಉಳಿದ ಮೀನು ನಾರುವುದಕ್ಕೆ ಮೊದಲು ನಾವೇ ಗಟಾರಕ್ಕೆ ಸುರಿದು ಬರುತ್ತಿದ್ದೆವು. ಶಿವರಾತ್ರಿಯ ಹೊತ್ತಿಗೆ ಕೆರೆಯಲ್ಲಿ ಕಪ್ಪೆ ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಮೀನು ಕಡಿಮೆಯಾದಂತೆ ಬಲೆಯ ಕಣ್ಣನ್ನು ಸಣ್ಣ ಮಾಡಿ ಹೆಣೆದರು. ಕಣ್ಣು ಸಣ್ಣದಾದಂತೆ ಮೀನು ಇನ್ನೂ ಕಡಿಮೆಯಾಯಿತು.

ನಾನು ಶಾಲೆ ಬಿಟ್ಟ ನಾಲ್ಕನೆಯ ವರ್ಷ ಮಿರಗದಲ್ಲಿ ಮೀನು ಏರಲೇ ಇಲ್ಲ. ಮಿರಗ ಎಂದರೆ ಮೃಗಶಿರಾ ಮಳೆ, ಮುಂಗಾರಿನ ಬಾಗಿಲು. ಆ ಮಳೆಗೆ ಹಳ್ಳ ಬಂದು ಕೆರೆಗೆ ಕೆಂಪು ನೀರು ಕೂಡಿದೊಡನೆ ಗೆಂಡೆ ಮೀನುಗಳು ಹೊಟ್ಟೆತುಂಬ ತತ್ತಿ ಹೊತ್ತು, ಹರಿವಿಗೆ ಎದುರಾಗಿ ಹಳ್ಳ ಏರಿ ಹೋಗುತ್ತವೆ. ಮೇಲೆ ತತ್ತಿ ಬಿಟ್ಟು ತಿರುಗಿ ಬರುತ್ತವೆ. ಮರಿಗಳು ಅವುಗಳ ಹಿಂದೆ ಕೆರೆಗೆ ಇಳಿಯುತ್ತವೆ. ಆ ವರ್ಷ ಹಳ್ಳ ಬಂತು, ನೀರು ಬಂತು, ಮೀನು ಬರಲಿಲ್ಲ.

ಅದೇ ಮಳೆಗಾಲದಲ್ಲಿ ವಿಜಾಪುರದಿಂದ ಒಬ್ಬ ಗುತ್ತಿಗೆದಾರ ಸೈಕಲ್ಲಿನ ಮೇಲೆ ಬಂದು ಗೌಡರ ಕಟ್ಟೆಯ ಮೇಲೆ ಕುಳಿತ. ಕೆರೆಯನ್ನು ತನಗೆ ಕೊಟ್ಟರೆ ತಾನೇ ಎಲ್ಲಿಂದಲೋ ಮೀನಿನ ಮರಿ ತಂದು ಬಿಡುತ್ತೇನೆ, ತನ್ನ ಆಳುಗಳನ್ನೇ ಹಚ್ಚಿ ಹಿಡಿಸುತ್ತೇನೆ, ಊರಿಗೆ ಪ್ರತಿ ವರ್ಷ ಇಷ್ಟು ಎಂದು ಕಟ್ಟುತ್ತೇನೆ ಅಂದ. ಗೌಡರು ನಮ್ಮ ಓಣಿಯ ಗಂಡಸರನ್ನು ಚಾವಡಿಗೆ ಕರೆಸಿದರು.

ನಮ್ಮ ಗೌಡರು ಮೀನು ತಿನ್ನುವುದಿರಲಿ, ಮೀನಿನ ಬುಟ್ಟಿ ಎದುರು ಬಂದರೆ ಮೂಗಿಗೆ ಧೋತರದ ಚುಂಗು ಹಿಡಿಯುವವರು. ಆದರೂ ನ್ಯಾಯ ಅವರೇ ಹೇಳಬೇಕು.

"ನೋಡ್ರಪಾ," ಅಂದರು, "ನನಗ ಮೀನಿನ ವಿಚಾರ ಏನೂ ತಿಳಿಯೂದಿಲ್ಲ. ಆದ್ರ ಇದ್ದ ಕೆರಿ ಬರಿದು ಮಾಡಿದವ್ರಿಗಿ ಮತ್ತ ಕೆರಿ ಕೊಡು ಅಂದ್ರ ಊರಾಗ ಮಂದಿ ನನಗ ನಗತಾರ. ಈ ಒಂದು ಸುಗ್ಗಿ ನಿಮಗ. ಬರೂ ಮಿರಗಕ್ಕ ಹಳ್ಳದಾಗ ಮೀನು ಏರೂದು ನಾ ನನ್ನ ಕಣ್ಣಿಲೆ ನೋಡಬೇಕು. ಏರಿದ್ರ ಕೆರಿ ನಿಮ್ಮದು. ಏರಲಿಲ್ಲಂದ್ರ ಲಿಲಾವು."

ಅಪ್ಪ ನೆಲ ನೋಡುತ್ತಿದ್ದ. ಮಾವ ಗೋಡೆಗೆ ಒರಗಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ಎಲ್ಲರಿಗಿಂತ ಹಿಂದೆ ನಿಂತಿದ್ದ ನಾನು, "ಏರ್ತಾವರಿ ಗೌಡ್ರ. ನಾವು ಏರಸ್ತೇವಿ," ಅಂದೆ.

ಚಾವಡಿಯ ಹೊರಗೆ ಬಂದ ಮೇಲೆ ಮಾವ ನನ್ನ ಕುತ್ತಿಗೆಗೆ ಕೈ ಹಾಕಿದ. "ಏನಲೇ ಅಳಿಯಾ, ಮೀನು ನಿನ್ನ ಮಾತು ಕೇಳಿ ಏರ್ತಾವೇನು? ಕಡ್ಡಿ ಹಿಡಿದು ಸಾಲಿ ಹೇಳಾಂವ ಅದಿಯೇನು ಅವಕ್ಕ?"

"ಸಾಲಿ ಮೀನಿಗಲ್ಲೋ ಮಾವ, ನಮಗ ಹೇಳಬೇಕು."

"ಐದನೇತಿ ಬಿಟ್ಟಾಂವ ನನಗ ಸಾಲಿ ಹೇಳ್ತಾನ ನೋಡ್ರಲೇ!" ಎಂದು ಅವನು ಇಡೀ ದಾರಿ ನಕ್ಕ. ಆದರೆ ನಾನು ಗೌಡರಿಗೆ ಕೊಟ್ಟದ್ದು ಮಾತು. ಕೆರೆ ಹೋದರೆ ಹನ್ನೊಂದು ಮನೆಯವರೂ ಆ ಗುತ್ತಿಗೆದಾರನ ಬಲೆ ಎಳೆಯುವ ಕೂಲಿಗಳಾಗಬೇಕು. ನಮ್ಮದೇ ಕೆರೆಯಲ್ಲಿ, ನಮ್ಮದೇ ಎದೆಮಟ್ಟದ ನೀರಿನಲ್ಲಿ ನಿಂತು ಇನ್ನೊಬ್ಬನ ಬಲೆ ಎಳೆಯುವುದು ನನಗೆ ಸಾಧ್ಯವಿರಲಿಲ್ಲ. ಅದಕ್ಕಿಂತ ಕಲ್ಲಿನ ಖಣಿಗೆ ಹೋಗುತ್ತಿದ್ದೆ.

ಎಳ್ಳಮಾಸಿಗೆ ಇನ್ನೂ ಹೊತ್ತಿತ್ತು. ಹಿಂಗಾರಿನಲ್ಲಿ ಮೇಲಿನ ಹೊಂಡಗಳು ತುಂಬಿ ಹರಿದು ಒಂದಿಷ್ಟು ಮರಿಮೀನು ಕೆರೆಗೆ ಇಳಿದಿದ್ದವು. ಓಣಿಯ ಬೇವಿನ ಕಟ್ಟೆಯ ಮೇಲೆ ಎಲ್ಲರನ್ನೂ ಕೂಡಿಸಿದೆ. ನಾನು ಹೇಳಿದ್ದು ಮೂರೇ ಮಾತು. ಓಟ ಬೇಡ, ಪ್ರತಿ ಮನೆಗೂ ಇಷ್ಟು ಬುಟ್ಟಿ ಎಂದು ಮೊದಲೇ ಗೊತ್ತು ಮಾಡೋಣ, ಅದನ್ನು ಅವರು ಬೇಕಾದಾಗ ಹಿಡಿದುಕೊಳ್ಳಲಿ. ಬಲೆಯ ಕಣ್ಣು ಮೂರು ಬೆರಳು ಸಲೀಸಾಗಿ ಹೋಗುವಷ್ಟು ಇರಲಿ, ಸಣ್ಣ ಮೀನು ಹೊರಗೆ ಹೋಗಿ ಬೆಳೆಯಲಿ. ಮಿರಗದ ಹಳ್ಳ ಬಂದ ದಿನದಿಂದ ಯಾರೂ ಮೀನಿಗೆ ಕೈ ಹಚ್ಚುವುದು ಬೇಡ.

ಮೊದಲು ನಕ್ಕವನು ಮಾವ. "ಜ್ವಾಳಕ್ಕ ಕಂಟ್ರೋಲ್ ಆತು, ಸಕ್ಕರಿಗಿ ಆತು, ಚಿಮಣಿ ಎಣ್ಣಿಗಿ ಆತು. ಈಗ ನಮ್ಮ ಅಳಿಯ ಮೀನಿಗೂ ಕಂಟ್ರೋಲ್ ತಂದಾನ. ಮೀನಿಗಿ ಕಾರ್ಡ ಯಾವಾಗ ಕೊಡ್ತಿ ಹೇಳಪಾ?"

ಯುದ್ಧದ ಪಡಿತರ ಕಾರ್ಡು ನೆನೆದು ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಮಾವ ನಗುವುದನ್ನು ನಿಲ್ಲಿಸಿ ತೋಳು ಮುಂದೆ ಚಾಚಿದ. "ಈ ತೋಳಿಗೂ ನಿನ್ನ ತೋಳಿಗೂ ಒಂದ ಪಾಲೇನು? ಹತ್ತು ಮಂದಿ ಕೂಡಿ ಒಬ್ಬ ಗಟ್ಟಿ ಆಳಿನ ಕೈ ಕಟ್ಟೂ ಹಂಚಿಕಿ ಇದು."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅದಕ್ಕೆ ಉತ್ತರ ಸಿಕ್ಕದ್ದು ನನ್ನಿಂದಲ್ಲ, ನಮ್ಮ ಚಿಗವ್ವನಿಂದ. ತೀರಿಕೊಂಡ ಚಿಗಪ್ಪನ ಹೆಂಡತಿ ಅವಳು. ಬೇರೆ ಮನೆ, ಮನೆಯಲ್ಲಿ ಗಂಡಸಿಲ್ಲ. ಓಟದ ಕಾಲದಲ್ಲಿ ಅವಳಿಗೆ ಸಿಗುತ್ತಿದ್ದದ್ದು ಏರಿಯ ಮೇಲೆ ಬಿದ್ದ ಮೀನು ಮಾತ್ರ. ಅವಳು ಸೆರಗು ಸರಿಮಾಡಿಕೊಂಡು, "ನನ್ನ ಮನಿಗೂ ಪಾಲು ಐತೇನು?" ಅಂದಳು.

"ಐತಿ ಚಿಗವ್ವ. ತೂಬಿನ ಕೆಸರಿಗಿ ನೀನೂ ಪ್ರತಿ ವರ್ಷ ಬುಟ್ಟಿ ಹೊತ್ತೀದಿ."

"ಹಂಗಾರ ನನ್ನ ಪಾಲು ಹಿಡಿಯೂ ಕೆಲಸ ನಿಮ್ಮ ಮಾವಗ ಕೊಟ್ಟೆ. ಅವನ ತೋಳು, ನನ್ನ ಪಾಲು. ಬಂದದ್ದು ಅರ್ಧಾ ಅರ್ಧಾ. ಹೆಂಗ ತಮ್ಮಾ, ಕೈ ಬಿಚ್ಚಿದವೋ ಇಲ್ಲೋ?"

ಮಾವ ಚಾಚಿದ ತೋಳನ್ನು ಹಿಂದೆ ತೆಗೆದುಕೊಂಡ. ಆದರೆ ಮೀಸೆಯ ಕೆಳಗೆ ನಗುತ್ತಿದ್ದ.

ಎಷ್ಟು ಬುಟ್ಟಿ ಎನ್ನುವುದನ್ನು ಅಪ್ಪ ಹೇಳಿದ. ಅವನಿಗೆ ನೀರಿನ ಬಣ್ಣ ನೋಡಿ ಅಂದಾಜು ಮಾಡುವ ರೂಢಿ. ಹಿಂದಿನ ಸುಗ್ಗಿಯಲ್ಲಿ ಒಂದೊಂದು ಮನೆಗೆ ಸರಾಸರಿ ಬಂದದ್ದರ ಅರ್ಧ ಸಾಕು ಅಂದ. ಜಗಳವಾಯಿತು, ಇಳಿಯಲಿಲ್ಲ, ಏರಲಿಲ್ಲ, ಅರ್ಧವೇ ನಿಂತಿತು. ಬುಟ್ಟಿಗಳೆಲ್ಲ ಒಂದೇ ಅಳತೆಯವು ಇರಲೆಂದು ಒಬ್ಬನೇ ಮೇದಾರನ ಹತ್ತಿರ ಹೆಣೆಸಿದೆವು. ಮನೆಗೊಂದು ಹಗ್ಗ, ಹಗ್ಗಕ್ಕೆ ಬುಟ್ಟಿಗೊಂದು ಗಂಟು. ಹನ್ನೊಂದು ಹಗ್ಗಗಳೂ ಬೇವಿನ ಕೊಂಬೆಗೆ ತೂಗಿದವು. ಒಂದು ಬುಟ್ಟಿ ಹಿಡಿದು ತಂದರೆ ಎಲ್ಲರೆದುರು ಒಂದು ಗಂಟು ಬಿಚ್ಚಬೇಕು. ಬಿಚ್ಚುವವಳು ಚಿಗವ್ವ. ಗಂಡಸರ ಕೈಗೆ ಕೊಟ್ಟರೆ ಹಗ್ಗಕ್ಕೆ ಗಂಟು ಹುಟ್ಟುತ್ತವೆ ಎಂದು ಅವಳೇ ಆ ಕೆಲಸ ಕೇಳಿ ತೆಗೆದುಕೊಂಡಳು.

ಇನ್ನು ಉಳಿದದ್ದು ಬಲೆ. ಗಿರಣಿಯ ನೂಲು ಯುದ್ಧಕ್ಕೆ ಹೋಗಿ ಪೇಟೆಯಲ್ಲಿ ಸಿಗುತ್ತಿರಲಿಲ್ಲ. ಸಿಕ್ಕರೆ ಕಳ್ಳಸಂತೆಯಲ್ಲಿ, ನಮ್ಮ ಕೈಗೆ ಎಟುಕದ ದರಕ್ಕೆ. ಅದಕ್ಕೆ ಓಣಿಯ ಹೆಂಗಸರು ಹತ್ತಿ ತಂದು ಮನೆಮನೆಯಲ್ಲಿ ನೂಲು ತೆಗೆದರು. ಅವ್ವ, ಚಿಗವ್ವ ಎಲ್ಲರೂ ಹೊಸೆದು ಹೆಣೆದರು. ಹೆಣೆದ ಬಲೆಗಳನ್ನು ಕಟ್ಟೆಯ ಮೇಲೆ ಹರಡಿ ಪ್ರತಿ ಬಲೆಗೂ ಮೂರು ಬೆರಳು ಹಾಕಿ ನೋಡಿದೆ. ಎಲ್ಲವೂ ಸರಿ. ಗೌಡರ ಕಡೆಯ ಆಳೊಬ್ಬ ಬಂದು ತಾನೂ ಬೆರಳು ಹಾಕಿ ನೋಡಿ ಹೋದ. ಆಮೇಲೆ ವಾಡಿಕೆಯಂತೆ ತಂಗಡಿ ಗಿಡದ ತೊಗಟೆಯನ್ನು ದೊಡ್ಡ ಹಂಡೆಯಲ್ಲಿ ಕುದಿಸಿ, ಆ ಕೆಂಪು ಕಷಾಯದಲ್ಲಿ ಬಲೆಗಳನ್ನು ಅದ್ದಿ ಒಣಗಿಸಿದೆವು. ಹಾಗೆ ಮಾಡಿದರೆ ಬಲೆ ನೀರಿನಲ್ಲಿ ಕೊಳೆಯುವುದಿಲ್ಲ.

ಎಳ್ಳಮಾಸಿಯ ಮರುದಿನ ಮೊಟ್ಟಮೊದಲ ಬಾರಿಗೆ ನಮ್ಮ ಓಣಿಯವರು ನಡೆದುಕೊಂಡು ಕೆರೆಗೆ ಹೋದರು. ಓಡಲು ಕಾರಣವೇ ಇರಲಿಲ್ಲ. ಮಾವ ಮಾತ್ರ ರೂಢಿಯ ಬಲದಿಂದ ನಾಲ್ಕು ಹೆಜ್ಜೆ ಓಡಿ, ತಿರುಗಿ ನೋಡಿ, ಯಾರೂ ಬೆನ್ನು ಹತ್ತಿಲ್ಲವೆಂದು ನಾಚಿಕೊಂಡು ನಿಂತ.

ಆದರೆ ಬುಟ್ಟಿ ತುಂಬುತ್ತಿದ್ದಂತೆ ನನ್ನ ಮುಖ ಬಾಡಿತು. ಬಲೆಯಲ್ಲಿ ಬಂದದ್ದು ಮೂರು ಬೆರಳಿನ ಅಗಲವೂ ಇಲ್ಲದ ಗೆಂಡೆ, ಮುಂದೆ ಬೆಳೆದು ತತ್ತಿ ಇಡಬೇಕಾದ ಬೀಜದ ಮೀನು. ಒಂದು ಮನೆಯ ಬಲೆಯಲ್ಲಲ್ಲ, ಎಲ್ಲರ ಬಲೆಯಲ್ಲೂ. ಒಬ್ಬರು ಇನ್ನೊಬ್ಬರ ಮೇಲೆ ಹಾಕಿದರು. ನೀನು ತೋರಿಸಿದ್ದೊಂದು ಬಲೆ, ಇಳಿಸಿದ್ದೊಂದು ಬಲೆ ಎಂದು ಏರಿಯ ಮೇಲೆಯೇ ಕೈಕೈ ಹತ್ತುವುದೊಂದು ಉಳಿದಿತ್ತು. ಯಾರೋ ಆ ಸಣ್ಣ ಮೀನನ್ನು ತಿಕೋಟಾದ ಸಂತೆಗೆ ಒಯ್ದು ಕೂತರು. ಸುದ್ದಿ ಗೌಡರ ಕಿವಿಗೆ ಮುಟ್ಟಲು ಎಷ್ಟು ಹೊತ್ತು? ಹೇಳಿ ಕಳಿಸಿದರು: ಮಿರಗದ ತನಕ ಕಾಯುವ ಕಾರಣ ಕಾಣಿಸುತ್ತಿಲ್ಲ, ಗುತ್ತಿಗೆದಾರನಿಗೆ ಮಾತು ಕೊಡಬೇಕಾದೀತು.

ನಾನು ಎಲ್ಲರ ಬಲೆಗಳನ್ನೂ ಕಟ್ಟೆಗೆ ತರಿಸಿದೆ. ಬೆರಳು ಹಾಕಿದೆ. ಎರಡು ಬೆರಳು ಹೋದವು, ಮೂರನೆಯದು ಹೋಗಲಿಲ್ಲ. ನನ್ನ ಸ್ವಂತ ಬಲೆಗೂ ಹೋಗಲಿಲ್ಲ. ಅದನ್ನು ನಾನೇ ಕಣ್ಣೆದುರು ಹೆಣೆಸಿದ್ದೆ.

"ರಾತ್ರೋರಾತ್ರಿ ನಿನ್ನ ಬೆರಳ ಬೆಳದಾವಲೇ," ಅಂದ ಮಾವ. "ಮಂದಿಗಿ ಬುದ್ಧಿ ಹೇಳಿ ಹೇಳಿ ದಪ್ಪ ಆಗ್ಯಾವ."

ಮನೆಗೆ ಬಂದು ಅಟ್ಟದ ಮೇಲಿಟ್ಟಿದ್ದ ಒಂದು ತುಂಡನ್ನು ಇಳಿಸಿದೆ. ಬಲೆ ಹೆಣೆಯುವಾಗ ಹೆಚ್ಚಾಗಿ ಉಳಿದದ್ದು ಅದು, ಕಷಾಯಕ್ಕೆ ಹಾಕಿರಲಿಲ್ಲ. ಅದಕ್ಕೆ ಮೂರು ಬೆರಳು ಗಾಳಿ ಹೋದಂತೆ ಹೋದವು. ಅದೇ ನೂಲು, ಅದೇ ಕೈ, ಅದೇ ಅಳತೆ. ಎರಡನ್ನೂ ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದೆ. ಅವ್ವ ರೊಟ್ಟಿ ಬಡಿಯುತ್ತ ಒಲೆಯ ಮುಂದಿನಿಂದಲೇ, "ಏನು ಹಂಗ ನೋಡಾಕತ್ತಿ?" ಅಂದಳು. ಹೇಳಿದೆ.

ಅವಳು ರೊಟ್ಟಿ ತಿರುವಿ ಹಾಕಿದಳು. "ನಿಮ್ಮ ಸಾಲಿ ಮಾಸ್ತರ ಕೈನೂಲಿನ ಅಂಗಿ ಹೊಲಿಸಿದ್ರಲ್ಲ, ಒಂದು ಸಲ ಕುದಿಸಿ ಒಗದ್ರು, ತೋಳು ಮೊಣಕೈಗಿ ಬಂತು. ಇದಕ್ಕೇನು ಬ್ಯಾರೆ ಧರ್ಮ ಐತೇನು?"

ಅಷ್ಟೇ. ಗಿರಣಿಯ ನೂಲು ಇಷ್ಟು ಕುಗ್ಗುತ್ತಿರಲಿಲ್ಲ. ಅದನ್ನೇ ಬಳಸಿ ಬಳಸಿ, ಕುದಿಸುವ ಮೊದಲಿನ ಒಣಬಲೆಯನ್ನು ಅಳೆಯುವುದು ಓಣಿಯವರಿಗೆ ರೂಢಿಯಾಗಿತ್ತು. ಸಡಿಲವಾಗಿ ಹೊಸೆದ ಕೈನೂಲು ಬಿಸಿ ಕಷಾಯದಲ್ಲಿ ಬಿಗಿದುಕೊಂಡು ಬಿಟ್ಟಿತ್ತು. ಮೋಸ ಯಾರೂ ಮಾಡಿರಲಿಲ್ಲ. ಆದರೆ ಮೀನಿಗೆ ಅದರಿಂದ ಏನೂ ಲಾಭವಿಲ್ಲವಲ್ಲ.

ಗೌಡರ ಮನೆಗೆ ಎರಡೂ ತುಂಡುಗಳನ್ನು ಒಯ್ದು ತೋರಿಸಿದೆ. ಅವರು ಮೂಗಿಗೆ ಚುಂಗು ಹಿಡಿದುಕೊಂಡೇ ಕೇಳಿದರು. "ಕಾರಣ ಖರೆ ಐತಿ," ಅಂದರು, "ಆದ್ರ ನಾ ನೋಡೂದು ಮಿರಗದಾಗ ಮೀನು, ಬಲಿಯ ನೂಲಲ್ಲ."

"ನಾನೂ ಅದ ಅಂತೇನ್ರಿ," ಅಂದೆ.

ಕಟ್ಟೆಗೆ ಬಂದು ನನ್ನ ಬಲೆಯನ್ನು ಹರಡಿದೆ. ಅವ್ವ ದೀಪಾವಳಿಯ ಹಿಂದಿನಿಂದ ನೂತು ಹೆಣೆದ ಬಲೆ. ಕುಡಗೋಲು ಹಾಕಿ ಉದ್ದಕ್ಕೆ ಎರಡು ಹೋಳು ಮಾಡಿದೆ. ಇನ್ನು ಅದು ಹೊಟ್ಟು ಹೊರುವುದಕ್ಕೆ ಮಾತ್ರ ಬಂದೀತು. ಅಪ್ಪ ಹೋಳುಗಳನ್ನು ಮಡಚಿಟ್ಟ. ನಾನು ಅಂದೆ: ಬೇಟೆ ನಿಲ್ಲಿಸೋಣ, ಮತ್ತೆ ನೂಲು ತೆಗೆಯೋಣ. ನಾಲ್ಕು ಬೆರಳಿನ ಕಣ್ಣು ಹೆಣೆದು, ಕುದಿಸಿ ಒಣಗಿಸಿದ ಮೇಲೆ ಅಳೆಯೋಣ.

"ಸುಗ್ಗಿ ಹೋಗ್ತೈತಲೇ!" ಎಂದು ಒಬ್ಬ ಕೂಗಿದ.

ನಾನು ಬೇವಿನ ಕೊಂಬೆಯನ್ನು ತೋರಿಸಿದೆ. "ಎಲ್ಲಿಗಿ ಹೋಗ್ತೈತಿ? ನಿನ್ನ ಗಂಟು ಅಲ್ಲೇ ತೂಗಾಕತ್ತಾವ ನೋಡು. ನೀ ಮನ್ಯಾಗ ಕೂತ್ರ ಅವನ್ನ ಬ್ಯಾರೆದಾಂವ ಬಂದು ಬಿಚ್ಚೂದಿಲ್ಲ."

ಮೊದಲಾದರೆ ಒಂದು ವಾರ ಬಲೆ ಇಳಿಸದಿದ್ದವನ ಸುಗ್ಗಿ ಮುಗಿದಂತೆಯೇ. ಪಾಲು ಕಾಯುತ್ತದೆ ಎನ್ನುವುದು ಜನರ ತಲೆಗೆ ಇಳಿದದ್ದು ಆ ಹೊತ್ತಿಗೆ. ಒಬ್ಬೊಬ್ಬರಾಗಿ ಬಲೆಗಳನ್ನು ತಂದು ಹಾಕಿದರು. ಮಾವ ತರಲಿಲ್ಲ. ಮರುದಿನ ಅದೇ ಬಲೆ ಇಳಿಸಿ, ಒಂದು ಬುಟ್ಟಿ ಬೀಜದ ಮೀನು ಹೊತ್ತು ಕಟ್ಟೆಗೆ ಬಂದು, "ಬಿಚ್ಚವಾ ಗಂಟು," ಅಂದ.

ಚಿಗವ್ವ ಬುಟ್ಟಿಯೊಳಗೆ ಕೈ ಆಡಿಸಿದಳು. "ಇವು ಮೀನಲ್ಲ ತಮ್ಮಾ, ಮೀನಿನ ಕೂಸು. ನಿನ್ನ ಹಗ್ಗ ನೀನ ಬಿಚ್ಚಿಕೊ. ನನ್ನ ಹಗ್ಗ ನನಗ ವಾಪಸ್ ಕೊಡು. ನನ್ನ ಪಾಲು ಹಿಡಿಯಾಕ ಬ್ಯಾರೆ ತೋಳು ಹುಡುಕತೇನಿ."

"ಅಕ್ಕಾ, ಹಂಗ ಅಂದ್ರ ಹೆಂಗ?"

"ಹಿಂಗ." ಎದ್ದು ಒಳಗೆ ಹೋದಳು.

ಮಾವ ಗಂಟಿಗೆ ಕೈ ಹಚ್ಚದೆ ಬುಟ್ಟಿ ಹೊತ್ತು ತಿರುಗಿ ಹೋದ. ಸಂಜೆ ಅವನ ಹೆಂಡತಿ ಅವ್ವನ ಹತ್ತಿರ ಬಂದು ನೂಲಲು ಹತ್ತಿಯ ಹಂಜಿ ಇದ್ದರೆ ಕೊಡು ಅಂದಳು. ಮನೆಯಲ್ಲಿ ಮಾವನೇ ನೂಲು ಹೊಸೆಯಲು ಕುಳಿತಿದ್ದನಂತೆ, ಆ ದಪ್ಪ ಬೆರಳುಗಳಲ್ಲಿ. ನೋಡಲು ಹೋಗಬೇಡಿ, ಹೊಡೆಯುತ್ತಾನೆ ಎಂದು ಅವಳೇ ಹೇಳಿದಳು.

ಹೊಸ ಬಲೆ ನೀರಿಗೆ ಇಳಿದಾಗ ಬಿಸಿಲು ಏರತೊಡಗಿತ್ತು. ಆ ಬೇಸಿಗೆಯಲ್ಲಿ ನಾನು ದುಡಿದಂತೆ ಮತ್ತೆಂದೂ ದುಡಿದಿಲ್ಲ. ಎಲ್ಲರೂ ಒಂದೇ ಪೇಟೆಗೆ ಬೀಳಬಾರದೆಂದು ಸರದಿ ಮಾಡಿದೆವು. ಒಬ್ಬರು ತಿಕೋಟಾ, ಒಬ್ಬರು ಬಬಲೇಶ್ವರ, ಒಬ್ಬರು ವಿಜಾಪುರ. ಬಸ್ಸು ಹತ್ತಿಸಿಕೊಳ್ಳದ ದಿನ ಬುಟ್ಟಿಗೆ ಒದ್ದೆ ಗೋಣಿ ಹೊಚ್ಚಿ, ತಲೆಯ ಮೇಲೆ ಹೊತ್ತು, ನಸುಕಿನಲ್ಲಿ ಅಥಣಿ ರಸ್ತೆ ಹಿಡಿದು ನಡೆಯುತ್ತಿದ್ದೆ. ಕುತ್ತಿಗೆಯ ನರ ಬಿಗಿದು ತೊರವಿ ದಾಟುವಾಗ ಕಣ್ಣಿಗೆ ಕತ್ತಲೆ ಬರುತ್ತಿತ್ತು. ವಿಜಾಪುರ ಮುಟ್ಟಿದರೆ ಅಲ್ಲಿನ ಇಬ್ರಾಹಿಂಪುರದಲ್ಲಿ ರೈಲು ಹಳಿಯ ಹತ್ತಿರದ ಮನೆಗಳವರು ಬುಟ್ಟಿ ಇಳಿಸುವ ಮೊದಲೇ ಪಾತ್ರೆ ಹಿಡಿದು ಹೊರಗೆ ಬರುತ್ತಿದ್ದರು. ಬೇಸಿಗೆಯಲ್ಲಿ ಅವರಿಗೆ ಬೇರೆ ಎಲ್ಲಿಯೂ ಹಸಿಮೀನು ಸಿಗುತ್ತಿರಲಿಲ್ಲ. ಗೇಣುದ್ದದ ಗೆಂಡೆ, ಕಿವಿರು ಇನ್ನೂ ಕೆಂಪಗೆ. ಒಂದು ಮೀನನ್ನೂ ಗಟಾರಕ್ಕೆ ಸುರಿಯಲಿಲ್ಲ. ಅರ್ಧ ಮೀನು ಹಿಡಿದು ಮೊದಲಿನಷ್ಟೇ, ಕೆಲವು ಮನೆಯವರು ಮೊದಲಿಗಿಂತ ಹೆಚ್ಚು ತಂದರು. ಅದನ್ನು ಕಂಡ ಮೇಲೆ ಕಂಟ್ರೋಲಿನ ನಗೆ ನಿಂತಿತು.

ನಮ್ಮ ಕಡೆ ಮಿರಗ ಕೂಡಿದ ದಿನ ಮೀನು ತಿನ್ನುವವರ ಮನೆಯಲ್ಲಿ ಮೀನು ಆಗಲೇಬೇಕು. ಆ ದಿನದ ದರಕ್ಕಾಗಿ ಎಲ್ಲರೂ ಕೊನೆಯ ಒಂದೆರಡು ಗಂಟು ಉಳಿಸಿಕೊಂಡಿದ್ದರು. ಹಿಂದಿನ ದಿನವೇ ಹಿಡಿದು ಮಾರಿದೆವು. ಹಗ್ಗಗಳು ಬರಿದಾದವು. ಚಿಗವ್ವ ಅವನ್ನು ಕೊಂಬೆಯಿಂದ ಇಳಿಸಿ ಸುರುಳಿ ಸುತ್ತಿಟ್ಟಳು. ಬಲೆಗಳು ಅಟ್ಟ ಸೇರಿದವು.

ಮಿರಗ ಕೂಡಿತು, ಮಳೆ ಬರಲಿಲ್ಲ. ದಿನಾ ಮಧ್ಯಾಹ್ನ ಮೋಡ ಕವಿಯುವುದು, ಗಾಳಿ ಬಂದು ಹೊತ್ತೊಯ್ಯುವುದು. ಕೆರೆ ಇಳಿದು ತೂಬಿನ ಮುಂದಿನ ಮಡುವಿನಲ್ಲಿ ಮಾತ್ರ ನೀರು ನಿಂತಿತ್ತು. ಉಳಿಸಿದ ಮೀನೆಲ್ಲ ಆ ಒಂದು ಮಡುವಿನಲ್ಲಿ. ಕೈ ಹಾಕಿದರೆ ಸಿಗುವಂತಿತ್ತು. ಗುತ್ತಿಗೆದಾರನ ಸೈಕಲ್ಲು ಮತ್ತೆ ಗೌಡರ ಕಟ್ಟೆಗೆ ಒರಗಿ ನಿಂತಿತು. ಆ ದಿನಗಳಲ್ಲಿ ನಾನೂ ಮಾವನೂ ಪಾಳಿಯಂತೆ ಏರಿಯ ಮೇಲೆ ಕಾವಲು ಕುಳಿತೆವು. ಮೀನಿಗೆ ಹೊಂಚುವ ಬಗುಲೆ ಹಕ್ಕಿಗಳನ್ನು ಕೂಡ ಕಲ್ಲು ಬೀಸಿ ಓಡಿಸಿದೆವು.

ಒಂದು ದಿನ ಇಳಿಹೊತ್ತಿಗೆ ಮೂಡಲಲ್ಲಿ ಗುಡುಗಿ, ಎರೆ ಹೊಲಗಳೆಲ್ಲ ಕುಣಿದಾಡುವಂಥ ಮಳೆ ಹೊಡೆಯಿತು. ಮರುದಿನ ಬೆಳಗ್ಗೆ ಹಳ್ಳ ಬಂತು. ನೀರಿನ ಸಪ್ಪಳಕ್ಕೆ ಇಡೀ ಊರು ಹೊರಗೆ ಬಿತ್ತು. ನಮ್ಮ ಓಣಿಯವರಷ್ಟೇ ಅಲ್ಲ, ಮೀನು ತಿನ್ನುವ ಬೇರೆ ಓಣಿಯವರೂ ಬುಟ್ಟಿ, ಕೋಲು, ಹಳೆಯ ಸೀರೆ ಹಿಡಿದು ಬಂದರು. ಏರುವ ಮೀನನ್ನು ಹೊಡೆದು ಹಿಡಿಯುವುದು ಅವರಿಗೆ ಹಬ್ಬವಿದ್ದಂತೆ. ಬಲೆ ಬೇಡ, ದೋಣಿ ಬೇಡ. ಅವರಿಗೆ ನಮ್ಮ ಕಟ್ಟುಪಾಡು ಯಾಕೆ ತಗುಲಬೇಕು?

ಕೆರೆಗೆ ಹಳ್ಳ ಸೇರುವ ಬಾಯಿಯಲ್ಲಿ ಮೊಣಕಾಲುದ್ದ ನೀರು. ಓಣಿಯ ಗಂಡಸರು ಎರಡು ದಂಡೆಗೂ ಸಾಲುಗಟ್ಟಿ ನಿಂತೆವು. ನಡುವೆ ಹರಿವು ಬಿಟ್ಟೆವು. ಮಾವ ಎಲ್ಲರಿಗಿಂತ ಮುಂದೆ, ಕೈಯಲ್ಲಿ ಏನೂ ಇಲ್ಲದೆ.

"ಸರೀರಿ, ಇದು ಹಳ್ಳ, ನಿಮ್ಮ ಅಪ್ಪನ ಕೆರಿ ಅಲ್ಲ," ಎಂದು ಒಬ್ಬ ಬುಟ್ಟಿ ಮುಂದೆ ಮಾಡಿದ.

"ಅಪ್ಪನದಲ್ಲೋ ಯಪ್ಪಾ," ಅಂದ ಮಾವ. "ನನ್ನ ಅಳಿಯಂದು. ಮೀನು ಬೇಕಾದ್ರ ಎಳ್ಳಮಾಸಿ ಮರುದಿನ ಮನಿಗಿ ಬಾ, ನಾನ ಕರದು ಹಾಕತೇನಿ. ಇವತ್ತ ಈ ನೀರಿಗಿ ಕೋಲು ಹಾಕಿದ್ರ ಕೋಲಿನ ಜೊತಿ ನಿನ್ನೂ ತೇಲಿ ಬಿಡತೇನಿ."

ಜನ ನಕ್ಕರು, ಆದರೆ ಹೋಗಲಿಲ್ಲ. ಅಷ್ಟರಲ್ಲಿ ಗೌಡರು ಕೊಡೆ ಹಿಡಿದು ಬಂದರು, ಅವರ ಹಿಂದೆ 'ಮೀನು ಏರುವುದಿಲ್ಲ' ಎಂಬ ಮುಖ ಮಾಡಿಕೊಂಡು ಗುತ್ತಿಗೆದಾರ. ಗೌಡರನ್ನು ಕಂಡು ಗದ್ದಲ ತಗ್ಗಿತು. ಎಲ್ಲರೂ ನೀರು ನೋಡತೊಡಗಿದರು.

ಕೆಂಪು ನೀರು, ನೊರೆ, ತೇಲಿ ಬಂದ ಜಾಲಿಮುಳ್ಳು. ಬೇರೇನೂ ಇಲ್ಲ. ಗೌಡರು ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. ಗುತ್ತಿಗೆದಾರ ಕೆಮ್ಮಿದ. ನನ್ನ ಕಾಲುಗಳಿಗೆ ನೀರಿನ ಸೆಳೆತ ತಾಗುತ್ತಿತ್ತು, ಬೇರೆ ಏನೂ ತಾಗುತ್ತಿರಲಿಲ್ಲ. ಉಳಿಸಿದ ಮೀನಿಗೆ ಮಡುವಿನ ಬಿಸಿನೀರಿನಲ್ಲಿ ಏರುವ ಕಸುವೇ ಉಳಿಯದಿದ್ದರೆ? ಆ ಎರಡು ಬೆರಳಿನ ಬಲೆಗೆ ಸಿಕ್ಕವುಗಳೇ ಈ ಮಿರಗಕ್ಕೆ ಏರಬೇಕಾಗಿದ್ದ ಮೀನುಗಳಾಗಿದ್ದರೆ? ಏನಾದರೂ ಆಗಲಿ, ಹಳ್ಳ ಇಳಿಯುವ ತನಕ ಇಲ್ಲಿಂದ ಕಾಲು ತೆಗೆಯುವುದಿಲ್ಲ ಎಂದು ಹಲ್ಲು ಕಚ್ಚಿ ನಿಂತೆ.

ಆಮೇಲೆ ನನ್ನ ಮೀನಖಂಡಕ್ಕೆ ಏನೋ ಬಡಿಯಿತು. ಮತ್ತೊಂದು ಬಡಿಯಿತು. ಮಾವ ಬಗ್ಗಿ ನೋಡಿ ಎರಡೂ ಕೈ ಮೇಲೆತ್ತಿದ. ನೊರೆಯ ಅಂಚಿನಲ್ಲಿ ಬೆನ್ನುಗಳು ಎದ್ದವು, ಮೊದಲು ಬೆರಳೆಣಿಕೆಯಷ್ಟು, ಆಮೇಲೆ ಎಣಿಸಲಾಗದಷ್ಟು. ಬಾಲ ಬಡಿದು, ಕಲ್ಲಿನ ಮೇಲೆ ಹೊಟ್ಟೆ ಎಳೆದುಕೊಂಡು, ನಮ್ಮ ಕಾಲುಗಳ ನಡುವೆ ನುಗ್ಗಿ ಮೇಲೆ ಹೋದವು. ಒಂದು ಗೆಂಡೆ ಹಾರಿ ದಂಡೆಯ ಮೇಲೆ, ಗೌಡರ ಕಾಲ ಹತ್ತಿರ ಬಿತ್ತು. ಅವರು ಹೌಹಾರಿ ಹಿಂದೆ ಸರಿದರು. ಮಾವ ಅದನ್ನು ಎರಡೂ ಕೈಯಲ್ಲಿ ಎತ್ತಿ ಅವರ ಮುಖದ ಮುಂದೆ ಹಿಡಿದ.

"ಹೊಟ್ಟಿ ನೋಡ್ರಿ ಗೌಡ್ರ. ತುಂಬಿದ ಬಸುರಿ."

"ಕೆಳಗ ಬಿಡೋ ಮಾರಾಯಾ, ನೋಡಿನಿ, ನೋಡಿನಿ!" ಅಂದರು ಗೌಡರು, ಮೂಗಿಗೆ ಚುಂಗು ಹಿಡಿಯುವುದನ್ನೂ ಮರೆತು. ಮಾವ ಮೀನನ್ನು ಹರಿವಿನಲ್ಲಿ ಇಳಿಸಿದ. ಅದು ಒಂದು ಸಲ ಮಗ್ಗುಲಾಗಿ, ಮತ್ತೆ ನೆಟ್ಟಗಾಗಿ ಏರಿ ಹೋಯಿತು.

ಗೌಡರು ಬಹಳ ಹೊತ್ತು ನಿಂತು ನೋಡಿದರು. ಗುತ್ತಿಗೆದಾರನ ಕಡೆ ತಿರುಗಿ, "ನೀವು ಬಂದ ದಾರಿಗಿ ಸುಂಕ ಇಲ್ಲ ಅಂತ ತಿಳೀರಿ," ಅಂದರು. ನನ್ನ ಕಡೆ ನೋಡಿ, "ಬರೂ ಮಿರಗಕ್ಕ ಮತ್ತ ನೋಡಾಕ ಬರ್ತೇನಿ," ಅಂದರು. ಹೊಗಳಿಕೆಯ ಮಾತು ಒಂದೂ ಇಲ್ಲ. ನನಗೆ ಬೇಕಾಗಿಯೂ ಇರಲಿಲ್ಲ.

ಅವರು ಹೇಳಿದಂತೆ ಪ್ರತಿ ವರ್ಷ ಬಂದರು, ನಡೆಯಲಾಗದಾಗ ಗಾಡಿಯಲ್ಲಿ ಬಂದರು. ಯುದ್ಧ ಮುಗಿಯಿತು, ಗಿರಣಿಯ ನೂಲು ಮತ್ತೆ ಸಿಕ್ಕಿತು, ದೇಶಕ್ಕೆ ಸ್ವಾತಂತ್ರ್ಯ ಬಂತು. ಓಣಿಯ ಕಟ್ಟನ್ನು ನಾವು ಬಿಡಲಿಲ್ಲ. ಮೀನು ಕಡಿಮೆಯಾದ ವರ್ಷ ಹಗ್ಗಕ್ಕೆ ಗಂಟು ಕಡಿಮೆ ಹಾಕಿದೆವು. ಬೈಗಳ ತಿಂದೆ, ಒಮ್ಮೆ ಏಟೂ ತಿಂದೆ. ಗಂಟು ಹೆಚ್ಚು ಹಾಕಲಿಲ್ಲ. ಒಣಬಲೆಯನ್ನು ಅಳೆಯುವುದನ್ನು ಆ ವರ್ಷವೇ ಬಿಟ್ಟಿದ್ದೆವು. ಈಗಲೂ ನಮ್ಮಲ್ಲಿ ಕುದಿಸಿದ ಬಲೆಗೇ ಬೆರಳು ಹಾಕುವುದು.

ಈಗ ನನ್ನಲ್ಲಿ ಇರುವುದಿಷ್ಟು. ಏರಿಯ ಕೆಳಗೆ ಮೂರು ಅಂಕಣದ ಮನೆ, ನಾನೇ ಕಟ್ಟಿಸಿದ್ದು. ಎರಡು ಎಕರೆ ಎರೆ ಹೊಲ. ನಾಲ್ಕು ಬಲೆ, ಅದರಲ್ಲಿ ಒಂದು ಹರಿದಿದೆ. ಒಂದು ಸೈಕಲ್. ಎರಡು ಆಕಳು. ಹೆಂಡತಿ ಇದ್ದಾಳೆ. ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಮೂವರೂ ಮುಲ್ಕಿ ದಾಟಿದವರು. ಓಣಿಯಲ್ಲಿ ಈಗ ಹದಿನಾಲ್ಕು ಮನೆ. ಕೆರೆಯಲ್ಲಿ ನನ್ನದು ಹದಿನಾಲ್ಕರಲ್ಲಿ ಒಂದು ಪಾಲು.